ಗುರುಮಲ್ಲಪ್ಪನ ಮನೆಯ ದಂತದ ಭರಣಿ

ನಮ್ಮ ಗಾವಡಗೆರೆಯಲ್ಲಿ ಗುರುಮಲ್ಲಪ್ಪ ಒಂದು ಕೆಲಸಕ್ಕೆ ಕೈ ಹಾಕಿದ ಎಂದರೆ ಅಕ್ಕಪಕ್ಕದವರು ತಮ್ಮ ಕೆಲಸ ಬಿಟ್ಟು ನೋಡಲು ಕೂರುತ್ತಾರೆ. ಅವನು ಕೆಟ್ಟವನಲ್ಲ, ದಡ್ಡನೂ ಅಲ್ಲ. ಹಿಡಿದದ್ದನ್ನು ಬಿಡುವ ಅಭ್ಯಾಸ ಇಲ್ಲ, ಅಷ್ಟೆ. ಹೋದ ವರ್ಷ ಮನೆಯ ಕರೆಂಟು ಮೀಟರು ಜೋರಾಗಿ ಓಡುತ್ತಿದೆ ಎಂಬ ಅನುಮಾನ ಬಂದು, ಇಡೀ ದಿನ ಅದರ ಎದುರು ಕುರ್ಚಿ ಹಾಕಿಕೊಂಡು ಕುಳಿತಿದ್ದ. ತಪ್ಪಿಸಿಕೊಳ್ಳಲು ಅದಕ್ಕೆ ಅವಕಾಶ ಆಗಬಾರದೆಂದು ಮನೆಯಲ್ಲಿ ಒಂದು ಸ್ವಿಚ್ಚನ್ನೂ ಯಾರಿಗೂ ಒತ್ತಲು ಬಿಡಲಿಲ್ಲ. ಸಂಜೆಯವರೆಗೂ ಮೀಟರು ಅಲುಗಲಿಲ್ಲ. "ನೋಡ್ದಾ ನಂಜುಂಡೇಶ, ನಾನು ಕೂತಿದ್ದಕ್ಕೆ ಎದ್ರುಕೊಂಡದೆ" ಎಂದು ನನಗೆ ಹೇಳಿದ.

ನಂಜುಂಡೇಶ ಎಂದರೆ ನಾನೇ, ಅವನ ಎದುರು ಮನೆಯವನು. ಅವನ ಮನೆಯ ಬಾಗಿಲು ನಮ್ಮ ಜಗುಲಿಗೆ ನೇರವಾಗಿ ಇರುವುದರಿಂದ ಈ ಕಥೆಯಲ್ಲಿ ನಾನು ಕಣ್ಣಾರೆ ಕಂಡದ್ದೇ ಹೆಚ್ಚು. ಕಾಣದ ಭಾಗವನ್ನು ಅವನ ಹೆಂಡತಿ ಉಷಾರಾಣಿ ಅಭಿನಯ ಸಮೇತ ಹೇಳಿದ್ದಾಳೆ.

ಗುರುಮಲ್ಲಪ್ಪನ ದೇವರಗೂಡಿನಲ್ಲಿ ಒಂದು ದುಂಡನೆಯ ಭರಣಿ ಇದೆ. ಅಂಗೈಯಗಲ, ಕೆನೆ ಬಣ್ಣ, ಮೇಲೊಂದು ಮುಚ್ಚಳ. ಅದರಲ್ಲಿ ವಿಭೂತಿ ಇಡುತ್ತಾರೆ. ಅವನ ತಾಯಿ ನೀಲಾಂಬಿಕಮ್ಮ ಸೊಸೆಯಾಗಿ ಆ ಮನೆಯ ಹೊಸಲು ದಾಟಿದ ದಿನ ಅತ್ತೆ ಹಣೆಗಿಟ್ಟದ್ದು ಆ ಭರಣಿಯ ವಿಭೂತಿಯನ್ನೇ. ಅಂದಿನಿಂದ ಅದನ್ನು ಹಚ್ಚಿ, ಲಿಂಗಪೂಜೆ ಮುಗಿಸಿ, ಆಮೇಲೆ ಊಟ. ಸೋಮವಾರ ಭರಣಿಯನ್ನು ಬಿಸಿನೀರಿನಲ್ಲಿ ತೊಳೆಯುವಾಗ ಅದು ಕರ್ಪೂರದ ಹಾಗೆ ಘಮ್ಮೆನ್ನುತ್ತದೆ, ಮಾವನವರ ಭಕ್ತಿ ಅದರೊಳಗೆ ಇಳಿದಿದೆ ಎಂದು ಆ ತಾಯಿ ಹೇಳುತ್ತಿದ್ದರು. ದಿನವೂ ಕರ್ಪೂರ ಹಚ್ಚುವ ಮನೆಯಲ್ಲಿ ಕರ್ಪೂರ ನಾರದೆ ಮತ್ತೇನು ನಾರುತ್ತದೆ ಎಂದು ನಾವು ಯಾರೂ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಭರಣಿಯ ಚರಿತ್ರೆ ಮಾತ್ರ ವರ್ಷ ವರ್ಷ ಬೆಳೆಯುತ್ತಿತ್ತು. ಗುರುಮಲ್ಲಪ್ಪನ ತಾತ ದೊಡ್ಡಮಲ್ಲಪ್ಪನವರು ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಬಿಡಾರಕ್ಕೆ ಗಾಡಿಯಲ್ಲಿ ಹುಲ್ಲು ಸಾಗಿಸಿದ್ದರು. ಇದು ನಿಜ. ಗುರುಮಲ್ಲಪ್ಪನ ತಂದೆ ಹೇಳುವ ಕಾಲಕ್ಕೆ ಅವರು ಹಗ್ಗ ಹಿಡಿದಿದ್ದರು. ಗುರುಮಲ್ಲಪ್ಪನ ಬಾಯಿಗೆ ಬರುವ ಹೊತ್ತಿಗೆ ಒಂಟಿಯಾಗಿ ಸಲಗದ ಎದುರು ನಿಂತು, ಅದನ್ನು ದುರುಗುಟ್ಟಿ ನೋಡಿ ಪಳಗಿಸಿಬಿಟ್ಟಿದ್ದರು. ಮೆಚ್ಚಿದ ದೊರೆ ಅದೇ ಸಲಗದ ದಂತದಲ್ಲಿ ಈ ಭರಣಿ ಕಡೆಸಿ ಕೊಟ್ಟನಂತೆ. ಪಳಗಿದ ಆನೆಯ ದಂತವನ್ನು ಯಾಕೆ ಕಿತ್ತರು ಎಂದು ನಾನು ಒಮ್ಮೆ ಕೇಳಿದ್ದೆ. ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದ.

ಹೋದ ಭಾನುವಾರ ಅವನ ಮಗಳು ಶಿವಾನಿ, ಹುಣಸೂರಿನಲ್ಲಿ ಡಿಗ್ರಿ ಓದುವವಳು, ಹಳೆಯ ಸಾಮಾನುಗಳ ವಿಡಿಯೋ ಮಾಡುತ್ತೇನೆಂದು ಮನೆಯ ಸೇರು, ಬೀಸುಕಲ್ಲು ಎಲ್ಲವನ್ನೂ ಫೋನಿನಲ್ಲಿ ಹಿಡಿಯುತ್ತಿದ್ದಳು. ಗುರುಮಲ್ಲಪ್ಪ ಬೀಸುಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಭರಣಿ ಹಿಡಿದು ನಿಂತ.

"ಇದು ಒರಿಜಿನಲ್ ಆನೆ ದಂತ. ಪ್ಯೂರ್. ಇಂಥದ್ದು ಅರಮನೆ ಬುಟ್ರೆ ನಮ್ಮನೇಲಿ ಮಾತ್ರ ಇರೋದು. ಡೌಟ್ ಇರೋರು ಬಂದು ನೋಡಬೋದು!"

ಡೌಟ್ ಇದ್ದವರು ಬರುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಕೂತಲ್ಲಿಂದಲೇ ಬರೆದರು. ಸೋಮವಾರ ಬೆಳಿಗ್ಗೆ ಶಿವಾನಿ ಅವನ್ನೆಲ್ಲ ಗಟ್ಟಿಯಾಗಿ ಓದಿದಳು.

"ಅಪ್ಪ, ಒಬ್ರು ಕೇಳ್ತಾವ್ರೆ, ದಂತಕ್ಕೆ ಸರ್ಕಾರದ ಸರ್ಟಿಫಿಕೇಟ್ ಇದ್ಯಾ, ಇಲ್ಲಾಂದ್ರೆ ಜೈಲು ಅಂತ. ಇನ್ನೊಬ್ರು ಅದು ದಂತಾನೇ ಅಲ್ಲ, ಎಮ್ಮೆ ಮೂಳೆ, ಅದ್ರಲ್ಲಿ ಅಂಗಿ ಗುಂಡಿ ಮಾಡ್ತಾರೆ ಅಂತ ಬರ್ದವ್ರೆ."

ದೇವರಗೂಡಿನ ಮುಂದೆ ಕುಳಿತಿದ್ದ ನೀಲಾಂಬಿಕಮ್ಮನ ಬೆರಳು ಭರಣಿಯೊಳಗೇ ನಿಂತಿತು.

"ಏನಂದೆ? ಎಮ್ಮೆದಾ?"

"ಮೂಳೆ ಅಜ್ಜಿ."

ಈರುಳ್ಳಿ ಹೆಚ್ಚಿದ ಕೈಯನ್ನು ತೊಳೆಯದೆ ದೇವರಗೂಡು ಮುಟ್ಟದ ಮನೆ ಅದು. ಆ ತಾಯಿ ಬೆರಳು ಹಿಂದಕ್ಕೆ ತೆಗೆದು, ಸೆರಗಿನಲ್ಲಿ ಒರೆಸಿಕೊಂಡು, ಎದ್ದು ಬಂದು ಜಗುಲಿಯ ಮೇಲೆ ಕುಳಿತರು. ಅದು ಏನು ಎಂಬುದು ಇತ್ಯರ್ಥ ಆಗುವವರೆಗೆ ಅದರ ವಿಭೂತಿ ಹಚ್ಚುವುದಿಲ್ಲ, ವಿಭೂತಿ ಹಚ್ಚದೆ ಅನ್ನ ಮುಟ್ಟುವುದಿಲ್ಲ ಎಂದರು. ಸೊಸೆ ಉಷಾರಾಣಿ, ಅಂಗಡಿಯಿಂದ ಬೇರೆ ವಿಭೂತಿ ಗಟ್ಟಿ ತರಿಸಿಕೊಡುತ್ತೇನೆ ಅತ್ತೆ ಎಂದಳು. "ನಮ್ಮತ್ತೆ ಕೈಲಿ ಇಟ್ಟಿದ್ನ ಬುಟ್ಟು ಅಂಗಡಿಯೋನು ಇಟ್ಟಿದ್ನ ಇಟ್ಕೊಳ್ಲಾ?" ಎಂದರು. ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ಅದೇ ಊಟ.

ಗುರುಮಲ್ಲಪ್ಪ ಹೀಗೆ ಸಿಕ್ಕಿಕೊಂಡ. ಭರಣಿ ದಂತವಾದರೆ ಅವನಿಗೆ ಜೈಲು. ಮೂಳೆಯಾದರೆ ಅವ್ವನಿಗೆ ಉಪವಾಸ. ಎರಡರಲ್ಲಿ ಯಾವುದು ಆಗಲಿ ಎಂದು ಶಿವನನ್ನು ಕೇಳಿಕೊಳ್ಳುವುದು?

ಅಷ್ಟರಲ್ಲಿ ಪಿರಿಯಾಪಟ್ಟಣದಿಂದ ಅವನ ಬಾಮೈದ ರೇಣುಕಾಪ್ರಸಾದ್ ಬುಲೆಟ್ಟಿನಲ್ಲಿ ಬಂದಿಳಿದ. ಹೊಗೆಸೊಪ್ಪಿನ ವ್ಯಾಪಾರಿ. ಸೊಪ್ಪನ್ನು ಮುಟ್ಟಿ ನೋಡಿಯೇ ದರ್ಜೆ ಹೇಳಬಲ್ಲವನು, ಆದ್ದರಿಂದ ಪ್ರಪಂಚದ ಎಲ್ಲ ವಸ್ತುವಿನ ದರ್ಜೆಯನ್ನೂ ಹೇಳಬಲ್ಲೆ ಎಂದು ನಂಬಿದವನು. ಅವನ ಮೀಸೆಗೆ ನಮ್ಮ ಹೋಬಳಿಯಲ್ಲಿ ಸಾಟಿ ಇರಲಿಲ್ಲ. ನಶ್ಯ ಏರಿಸಿ ಏರಿಸಿ ಆ ಮೀಸೆಯ ಮೇಲಿನ ಮೂಗು ಕೆಲಸ ನಿಲ್ಲಿಸಿ ಬಹಳ ಕಾಲವಾಗಿತ್ತು. ಭರಣಿಯನ್ನು ಮೂಸಿ ನೋಡಿ, "ವಾಸ್ನೆ ಏನೂ ಇಲ್ಲ" ಎಂದು ತೀರ್ಪು ಕೊಟ್ಟ.

"ಭಾವ, ಇದುಕ್ಕೆಲ್ಲ ಒಂದೇ ಟೆಸ್ಟು. ಸೂಜಿ ಕೆಂಪಗೆ ಕಾಯ್ಸಿ ಚುಚ್ಚೋದು. ಒಳಿಕ್ಕೆ ಓಯ್ತು ಅಂದ್ರೆ ಪ್ಲಾಸ್ಟಿಕ್ಕು. ಓಗ್ಲಿಲ್ಲ ಅಂದ್ರೆ ದಂತ, ಇಲ್ಲಾ ಮೂಳೆ. ಫೋನಲ್ಲಿ ತೋರಿಸ್ತಾರೆ ಕಣ್ರೀ."

"ದಂತಾನೋ ಮೂಳೆನೋ ಅಂತಾನೇ ಅಲ್ವೇನೋ ಗೊತ್ತಾಗ್ಬೇಕಾಗಿರೋದು?" ಎಂದ ಗುರುಮಲ್ಲಪ್ಪ.

"ಮೊದ್ಲು ಚುಚ್ಚಾನ, ಆಮೇಲೆ ನೋಡಾನ!"

ಜಗುಲಿಯಿಂದ ನೀಲಾಂಬಿಕಮ್ಮನ ದನಿ ಬಂತು. "ನಮ್ಮಾವನ ಭರಣಿಗೆ ಬರೆ ಆಕ್ತೀಯೇನೋ? ಬಾ, ಆ ಸೂಜಿ ಇಲ್ಲಿ ತತ್ತಾ, ನಿನ್ನ ಮೂಗು ದಂತಾನೋ ಮೂಳೆನೋ ನಾನು ನೋಡ್ತೀನಿ."

ಸೂಜಿ ತಣ್ಣಗೆ ಡಬ್ಬಿಗೆ ಮರಳಿತು. ರೇಣುಕಾಪ್ರಸಾದನ ಆಸೆ ಮಾತ್ರ ತಣ್ಣಗಾಗಲಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ.

ಗುರುಮಲ್ಲಪ್ಪ ಭರಣಿಯನ್ನು ವಸ್ತ್ರದಲ್ಲಿ ಸುತ್ತಿ, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ದನದ ಆಸ್ಪತ್ರೆಗೆ ಹೊರಟ. ಮೂಳೆಯ ವಿಷಯ ದನದ ಡಾಕ್ಟರಿಗಲ್ಲದೆ ಮತ್ತಾರಿಗೆ ಗೊತ್ತಿರುತ್ತದೆ ಎಂಬುದು ಅವನ ವಾದ. ನಿಜ ಹೇಳಬೇಕೆಂದರೆ ಅವನ ತಲೆಯಲ್ಲಿ ಆ ವಾರ ಹುಟ್ಟಿದ ಒಳ್ಳೆಯ ಯೋಚನೆ ಅದೊಂದೇ.

ಡಾಕ್ಟರ್ ಕಿರಣ್‌ಕುಮಾರ್ ಆಗ ಒಂದು ಎಮ್ಮೆಯ ಬಾಯಿ ತೆರೆಸಿ ಔಷಧ ಹಾಕುತ್ತಿದ್ದರು. ಗುರುಮಲ್ಲಪ್ಪ ಎಮ್ಮೆಯ ಮುಖದ ಪಕ್ಕಕ್ಕೇ ಭರಣಿ ಚಾಚಿ, "ಸಾರ್, ಇದು ಅದಾ ಅಲ್ವಾ ನೋಡಿ ಏಳಿ" ಎಂದ. ಎಮ್ಮೆಯ ಯಜಮಾನಿ ಚಿಕ್ಕಮಾದಮ್ಮ ತನ್ನ ಎಮ್ಮೆಯನ್ನು ಹಿಂದಕ್ಕೆಳೆದುಕೊಂಡಳು.

ಡಾಕ್ಟರು ಕೈ ತೊಳೆದು, ಭೂತಗನ್ನಡಿ ತಂದು, ಕಿಟಕಿಯ ಬೆಳಕಿನಲ್ಲಿ ಭರಣಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೂಳೆ ಆದ್ರೆ ಸಣ್ಣ ಸಣ್ಣ ಕಪ್ಪು ಚುಕ್ಕಿ, ಗೀರು ಇರ್ಬೇಕು. ಜೀವ ಇದ್ದಾಗ ರಕ್ತ ಓಡಾಡಿದ ದಾರಿ ಅದು. ಎಷ್ಟು ಉಜ್ಜಿದ್ರೂ ಹೋಗಲ್ಲ. ಇದ್ರಲ್ಲಿ ಒಂದೂ ಇಲ್ಲ. ಮೂಳೆ ಅಲ್ಲ ಕಣ್ರೀ ಇದು."

ಗುರುಮಲ್ಲಪ್ಪ ಎರಡೂ ಕೈ ಎತ್ತಿ ಕುಣಿದ. ಎಮ್ಮೆಗೂ ಒಂದು ನಮಸ್ಕಾರ ಹಾಕಿದ. "ನಾನು ಏಳ್ಲಿಲ್ವಾ! ದಂತ! ಪ್ಯೂರ್ ದಂತ!"

ಡಾಕ್ಟರು ಭರಣಿಯನ್ನು ಅವಸರವಾಗಿ ಅವನ ಕೈಗೆ ಹಿಂತಿರುಗಿಸಿದರು. "ದಂತ ಅಂತ ನಾನು ಹೇಳ್ಲಿಲ್ಲ. ಅದು ಅರಣ್ಯದವರು ಹೇಳೋದು. ದಂತಾನೇ ಆಗಿದ್ರೆ, ಗುರುಮಲ್ಲಪ್ಪೋರೆ, ನೀವಿಲ್ಲಿಗೆ ಬಂದಿಲ್ಲ, ನಾನದನ್ನ ನೋಡಿಲ್ಲ."

ಮೇಲೆತ್ತಿದ್ದ ಕೈ ಹಾಗೇ ನಿಂತಿತು. ಜೈಲಿನ ನೆನಪು ಆಗ ಬಂತು ಅವನಿಗೆ.

ನಾವು ಊರೊಳಗೆ ಬರುವಷ್ಟರಲ್ಲಿ ಚಿಕ್ಕಮಾದಮ್ಮ ಹಬ್ಬಿಸಿದ ಸುದ್ದಿ ನಮಗಿಂತ ಮುಂಚೆ ಬಂದಿತ್ತು. ಟೀ ಅಂಗಡಿಯ ಮುಂದೆ ಭರಣಿ ಒಂದು ಜೊತೆ ದಂತವಾಗಿತ್ತು. ಸೊಸೈಟಿಯ ಹತ್ತಿರ ಬರುವಾಗ ಆ ದಂತಗಳನ್ನು ಗುರುಮಲ್ಲಪ್ಪ ತನ್ನ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಯಲ್ಲಿ, ಸೊಪ್ಪಿನ ಮಧ್ಯೆ ತೂಗುಹಾಕಿ ಒಣಗಿಸುತ್ತಿದ್ದ. ಸಂಜೆಯ ಹೊತ್ತಿಗೆ ಬ್ಯಾರನ್ನಿನಲ್ಲಿ ಆನೆಯೇ ಇತ್ತು. ಸ್ವತಃ ಚಿಕ್ಕಮಾದಮ್ಮ ಹಿತ್ತಲ ಬಾಗಿಲಿಂದ ಬಂದು ಉಷಾರಾಣಿಯ ಕಿವಿಯಲ್ಲಿ, "ನಮ್ಮ ಮೊಮ್ಮಗ ನಿದ್ದೆಲಿ ಬೆಚ್ಚಿ ಬೀಳ್ತದೆ ಕಣವ್ವ. ಆನೆ ಬಾಲದ ಕೂದ್ಲು ಒಂದೆಳೆ ಇದ್ರೆ ಕೊಡು, ಉಂಗುರ ಮಾಡ್ಸಾಕ್ತೀನಿ. ನಾನು ಯಾರ್ಗೂ ಏಳಾಕಿಲ್ಲ" ಎಂದಳು.

ಮೂಳೆ ಅಲ್ಲವಂತೆ, ಇನ್ನಾದರೂ ಉಣ್ಣು ಎಂದು ಗುರುಮಲ್ಲಪ್ಪ ತಾಯಿಯ ಮುಂದೆ ಕುಳಿತ.

"ಅಂಗಾರೆ ಏನಂತೆ ಅದು?"

"ಅದು ಗೊತ್ತಿಲ್ಲ ಕಣವ್ವ."

"ಏನು ಅಂತ ಗೊತ್ತಿಲ್ಲದ್ರಿಂದ ತಗ್ದು ಹಣೆಗೆ ಇಟ್ಕೊಳ್ಲಾ? ಕಳ್ಳಮಾಲು ಅಂತ ಆದ್ರೆ ಶಿವನ ಮುಂದೆ ಎಂಗೋ ಕೂರ್ಲಿ?" ಎಂದು ಆ ತಾಯಿ ಬಾಳೆಹಣ್ಣು ಸುಲಿದರು.

ರೇಣುಕಾಪ್ರಸಾದ್ ತಗ್ಗಿದ ದನಿಯಲ್ಲಿ ಸಲಹೆ ಕೊಟ್ಟ. "ಭಾವ, ಕತ್ಲಾದ್ಮೇಲೆ ಲಕ್ಷ್ಮಣತೀರ್ಥ ಹೊಳೆಗೆ ಎಸ್ದು ಬುಡಿ. ಮಾಲೇ ಇಲ್ದಿದ್ರೆ ಕೇಸೆಲ್ಲಿ?"

"ಎಸುದ್ರೆ ನಮ್ಮವ್ವ ಉಣ್ತಾಳಾ?" ಎಂದ ಗುರುಮಲ್ಲಪ್ಪ. ಅವನ ದವಡೆ ಬಿಗಿದುಕೊಂಡಿತು. ಮೀಟರಿನ ಎದುರು ಕುರ್ಚಿ ಹಾಕಿದ ದಿನ ಕಂಡಿದ್ದ ದವಡೆ ಅದು, ನನಗೆ ಗುರುತಿದೆ. "ನಾಳೆ ನಾನೇ ಹುಣಸೂರಿಗೆ ಓಗಿ, ಅರಣ್ಯದೋರ ಆಫೀಸಲ್ಲಿ ಇದು ದಂತ ಅಲ್ಲ ಅಂತ ಏಳಿಸ್ಕೊಂಡು ಬತ್ತೀನಿ."

"ದಂತಾನೇ ಅಂದ್ಬುಟ್ರೆ?"

"ಅಲ್ಲೇ ಉಳ್ಕತೀನಿ. ಒಂದ್ ಕಡೆ ಬಸ್ ಚಾರ್ಜು ಮಿಕ್ತು."

ನಿನ್ನೆಯವರೆಗೆ ಅದು ದಂತ ಎಂದು ಊರಿಗೆಲ್ಲ ಸಾರಿದ ಮನುಷ್ಯ ಇವನೇ. ಅಷ್ಟೇ ಹಟದಿಂದ ಈಗ ಅದು ದಂತ ಅಲ್ಲ ಎಂದು ಸಾಧಿಸಲು ಹೊರಟಿದ್ದ. ಆ ರಾತ್ರಿ ಉಷಾರಾಣಿ ಬಡಿಸಿದ ತಟ್ಟೆ ಮುಂದಿಟ್ಟುಕೊಂಡು, ಹೊಟ್ಟೆ ಸರಿಯಿಲ್ಲ ಎಂದು ಎದ್ದು ಹೋದನಂತೆ.

ಬೆಳಿಗ್ಗೆ ನೀಲಾಂಬಿಕಮ್ಮ ಸೀರೆ ಉಟ್ಟು, ಚೀಲ ಹಿಡಿದು ಸಿದ್ಧವಾಗಿ ನಿಂತಿದ್ದರು. ಭರಣಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ತಾನೂ ಬರುತ್ತೇನೆ ಎಂದರು. ಆದರೆ ಮುಚ್ಚಳವನ್ನು ಗೂಡಿನಲ್ಲೇ ಬಿಟ್ಟರು. "ಅವ್ರು ಭರಣಿ ಕಿತ್ಕೊಂಡ್ರೂ ಮುಚ್ಚಳನಾದ್ರೂ ಮನೇಲಿರ್ಲಿ. ಯಾರೂ ಮುಟ್ಟಕೂಡ್ದು."

"ನೀವು ಓಗ್ಬನ್ನಿ ಅತ್ತೆ, ಮುಚ್ಚಳ ನಾನು ನೋಡ್ಕತೀನಿ" ಎಂದ ರೇಣುಕಾಪ್ರಸಾದ್, ಬಹಳ ವಿನಯದಿಂದ.

ನಾನೂ ಅವರ ಜೊತೆ ಹೊರಟೆ. ಬಸ್ಸಿನಲ್ಲಿ ಗುರುಮಲ್ಲಪ್ಪ ತಲೆಗೆ ಟವೆಲು ಸುತ್ತಿಕೊಂಡು, ಮುಖ ಮರೆಸಿಕೊಂಡು ಕುಳಿತ. ನೀಲಾಂಬಿಕಮ್ಮ ಮಡಿಲಲ್ಲಿ ಚೀಲ ಇಟ್ಟುಕೊಂಡಿದ್ದರು. ಅರ್ಧ ದಾರಿಯಲ್ಲಿ ಹತ್ತಿದ ಅಣ್ಣಯ್ಯ, ನಮ್ಮ ಪಕ್ಕದ ಊರಿನವನು, ಟವೆಲಿನೊಳಗೇ ಇಣುಕಿ ನೋಡಿದ.

"ಏನ್ಲಾ ಗುರುಮಲ್ಲ, ವಿಡಿಯೋ ನೋಡ್ದೆ! ದಂತದ ಡಬ್ಬಿ ಭಾರಿ ಐತೆ ಬುಡು!"

ಇಡೀ ಬಸ್ಸು ತಿರುಗಿತು.

"ಅದು ದಂತ ಅಲ್ಲ!" ಎಂದು ಗುರುಮಲ್ಲಪ್ಪ ಕೂಗಿದ.

"ನೀನೇ ಪ್ಯೂರ್ ಅಂದಲ್ಲಪ್ಪ?"

"ಪ್ಯೂರಾಗಿ ದಂತ ಅಲ್ಲ!"

ಹಿಂದಿನ ಸೀಟಿನ ಹೆಂಗಸೊಬ್ಬಳು ಚೀಲಕ್ಕೆ ಕೈ ಮುಗಿದು, ಗಣೇಶನ ದಂತದಷ್ಟೇ ಪವಿತ್ರ ಎಂದಳು. ಆಚೆ ಸೀಟಿನವನು ತೂಕಕ್ಕೆ ಹೇಗೆ ಎಂದು ವಿಚಾರಿಸಿದ. ಕಂಡಕ್ಟರು ಮಾತ್ರ, ಕಾಡುಪ್ರಾಣಿಗೆ ಲಗೇಜು ಟಿಕೆಟ್ ಉಂಟೋ ಇಲ್ಲವೋ ಎಂದು ಪ್ರಾಮಾಣಿಕವಾಗಿ ಚಿಂತಿಸುತ್ತ ನಿಂತಿದ್ದರು. ಹುಣಸೂರಿನಲ್ಲಿ ಇಳಿದಾಗ ಗುರುಮಲ್ಲಪ್ಪನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಎರಡು ಇಡ್ಲಿ ತಿನ್ನು ಬಾ ಎಂದು ಕರೆದೆ. ಹಸಿವಿಲ್ಲ ಎಂದ. ಹೋಟೆಲಿನ ಸಾಂಬಾರಿನ ವಾಸನೆಗೆ ಅವನ ಮೂಗು ಅಷ್ಟು ದೂರ ತಿರುಗಿದ್ದನ್ನು ನಾನು ನೋಡಿದೆ.

ಅರಣ್ಯ ಇಲಾಖೆಯ ಕಚೇರಿಯ ಬಾಗಿಲಲ್ಲಿ ಖಾಕಿ ತೊಟ್ಟ ಅಂಕಯ್ಯ ಎಂಬುವರು ತಡೆದರು.

"ಏನ್ ವಿಷ್ಯ?"

"ದಂತ ಅಲ್ಲದ್ದು ತಂದಿದೀನಿ ಸಾರ್."

"ದಂತ ಅಲ್ಲದ್ದು ಊರ್ ತುಂಬ ಅದೆ. ಎಲ್ಲಾನೂ ಇಲ್ಲಿಗೆ ತತ್ತೀರಾ?"

"ಇದು ದಂತದ ಅಂಗೇ ಕಾಣೋ, ದಂತ ಅಲ್ಲದ್ದು."

"ದಂತ ಒಪ್ಪಿಸೋದಾದ್ರೆ ಅದುಕ್ಕೊಂದು ಅರ್ಜಿ ಅದೆ. ದಂತ ಇಟ್ಕೊಂಡಿರೋನ ಮೇಲೆ ದೂರು ಕೊಡೋದಾದ್ರೆ ಅದುಕ್ಕೊಂದು ಅದೆ. ದಂತ ಅಲ್ಲ ಅನ್ನೋದುಕ್ಕೆ ಯಾವ್ದೂ ಇಲ್ಲ. ಹೋಗಿ ಸುಮ್ನೆ."

ಗುರುಮಲ್ಲಪ್ಪ ಹೋಗಲಿಲ್ಲ. ಬಾಗಿಲ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ. ಪಕ್ಕದಲ್ಲಿ ಅವನ ತಾಯಿ ಕುಳಿತರು. ಬೇರೆ ದಾರಿ ಕಾಣದೆ ನಾನೂ ಕುಳಿತೆ. ಆಚೆ ಹೋಗುವವರು ಇದು ಯಾವ ಸಂಘದ ಧರಣಿ ಎಂದು ಕೇಳತೊಡಗಿದಾಗ ಒಳಗಿನಿಂದ ವಲಯ ಅರಣ್ಯ ಅಧಿಕಾರಿ ಬಂದರು. ಹೆಸರು ರೂಪಶ್ರೀ, ನಮ್ಮ ಶಿವಾನಿಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬಹುದು.

ಅವರು ಗುರುಮಲ್ಲಪ್ಪನ ಮುಖ ನೋಡಿ, "ಓ, ಪ್ಯೂರ್ ದಂತ! ವಿಡಿಯೋ ನೋಡಿದೀವಿ. ನಾಳೆ ನಾವೇ ನಿಮ್ಮನೆಗೆ ಬರೋರಿದ್ವಿ" ಎಂದರು.

ಗುರುಮಲ್ಲಪ್ಪ ಎದ್ದವನು ಮತ್ತೆ ಕುಳಿತುಬಿಟ್ಟ.

ಒಳಗೆ ಮೇಜಿನ ಮೇಲೆ ಭರಣಿ ಇಳಿಯಿತು. ರೂಪಶ್ರೀಯವರು ಬಟ್ಟೆಯಲ್ಲಿ ವಿಭೂತಿ ಒರೆಸಿ, ಭೂತಗನ್ನಡಿ ಹಿಡಿದರು. ಅಂಕಯ್ಯ, ಗುಮಾಸ್ತರು, ಯಾವುದೋ ಕೆಲಸಕ್ಕೆ ಬಂದಿದ್ದ ಜನ, ಎಲ್ಲರೂ ಸುತ್ತ ನಿಂತರು. ಗುರುಮಲ್ಲಪ್ಪ ಕಣ್ಣು ಮುಚ್ಚಿಕೊಂಡು ತುಟಿಯಲ್ಲಿ ಶಿವ ಶಿವ ಅನ್ನುತ್ತಿದ್ದ. ದಂತವಾಗಿಬಿಟ್ಟರೆ ತಾಯಿ ಮಗನಿಲ್ಲದೆ ಬಸ್ಸು ಹತ್ತಬೇಕಲ್ಲ ಎಂದು ನನಗೆ ಸಂಕಟವಾಯಿತು.

"ಆನೆ ದಂತ ಆದ್ರೆ ಅಡ್ಡ ಕೊಯ್ದ ಜಾಗದಲ್ಲಿ ಗೆರೆಗಳು ಒಂದನ್ನೊಂದು ದಾಟಿರ್ತವೆ, ಬಲೆ ಹೆಣೆದ ಹಾಗೆ. ಅದು ಆನೆ ಮೈಯಲ್ಲೇ ಹುಟ್ಟೋದು, ಯಾರೂ ನಕಲು ಮಾಡಕ್ಕಾಗಲ್ಲ. ಇಲ್ಲಿ ನೋಡಿ, ಗೆರೆ ಇದೆ, ಆದ್ರೆ ಎಲ್ಲ ಒಂದೇ ಸಮ, ಪಕ್ಕಪಕ್ಕ. ಅಳತೆಪಟ್ಟಿ ಇಟ್ಟು ಎಳೆದ ಹಾಗೆ."

ಆಮೇಲೆ ಕಿಟಕಿ ಮುಚ್ಚಿಸಿ, ನೇರಳೆ ಬೆಳಕಿನ ಒಂದು ಟಾರ್ಚು ಬಿಟ್ಟರು. ದಂತವಾಗಿದ್ದರೆ ನೀಲಿಬಿಳಿಯಾಗಿ ಹೊಳೆಯುತ್ತಿತ್ತಂತೆ. ಭರಣಿ ಮಂಕು ಹಳದಿಯಾಗಿ ಕುಳಿತಿತ್ತು.

"ನನ್ನ ಕಣ್ಣಿಗೆ ದಂತ ಅಲ್ಲ. ಆದ್ರೆ ಮತ್ತೇನು ಅಂತ..." ಎಂದು ರೂಪಶ್ರೀಯವರು ಮತ್ತೆ ಭೂತಗನ್ನಡಿ ಎತ್ತಿಕೊಂಡರು.

"ಮತ್ತೇನು ಅಂತ ಏಳ್ದಿದ್ರೆ ನಮ್ಮವ್ವ ಉಣ್ಣಲ್ಲ ಮೇಡಂ" ಎಂದ ಗುರುಮಲ್ಲಪ್ಪ. ಕಚೇರಿಯಲ್ಲಿ ಯಾರೂ ನಗಲಿಲ್ಲ.

ಮೂಲೆಯ ಕುರ್ಚಿಯಲ್ಲಿದ್ದ ನೀಲಾಂಬಿಕಮ್ಮ ಸಿಟ್ಟಿನಿಂದ ಸೆರಗು ಕೊಡವಿದರು. "ಕನ್ನಡಿ ಇಡೀತೀರಿ, ಬ್ಯಾಟ್ರಿ ಬುಡ್ತೀರಿ. ದಿನಾ ಮುಟ್ಟೋಳ್ನ ಒಬ್ರಾದ್ರೂ ಕೇಳ್ತೀರಾ? ಮೂಳೆ ಎಲ್ಲಾರಾ ಕರ್ಪೂರ ನಾರ್ತದಾ? ದಂತ ನಾರ್ತದಾ?"

ರೂಪಶ್ರೀಯವರು ಭೂತಗನ್ನಡಿ ಕೆಳಗಿಟ್ಟರು. "ಕರ್ಪೂರ ಯಾವಾಗ ನಾರುತ್ತಮ್ಮ?"

"ಸೋಮ್ವಾರ ಸೋಮ್ವಾರ, ಬಿಸಿನೀರಲ್ಲಿ ತೊಳ್ದಾಗ. ನಮ್ಮಾವನ ಭಕ್ತಿ ಅದು."

"ಅಂಕಯ್ಯ, ಒಂದು ಚೊಂಬು ಬಿಸಿನೀರು!"

ಎದುರಿನ ಟೀ ಅಂಗಡಿಯಿಂದ ನೀರು ಬಂತು. ಅಧಿಕಾರಿ ಸ್ವಲ್ಪ ಆರಿಸಿ, ತಟ್ಟೆಗೆ ಹೊಯ್ದು, ಭರಣಿಯನ್ನು ಅದರಲ್ಲಿ ಅದ್ದಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಸರ್ಕಾರಿ ಕಚೇರಿಯ ಹಳೇ ಕಾಗದದ ವಾಸನೆಯನ್ನೆಲ್ಲ ತಳ್ಳಿಕೊಂಡು ಕರ್ಪೂರ ಘಮಘಮಿಸಿತು. ಅಂಕಯ್ಯ ಚಪ್ಪಲಿ ಬಿಚ್ಚಿ ಕೈ ಮುಗಿದರು. ಗುಮಾಸ್ತರು ಕೆನ್ನೆ ಬಡಿದುಕೊಂಡರು.

ರೂಪಶ್ರೀಯವರು ನಕ್ಕುಬಿಟ್ಟರು. "ಇದು ಸೆಲ್ಯುಲಾಯ್ಡ್. ಹಳೇ ಕಾಲದ ಪ್ಲಾಸ್ಟಿಕ್ಕು. ದಂತ ತುಟ್ಟಿ ಆಯ್ತು ಅಂತ, ದಂತದ ಹಾಗೇ ಕಾಣಲಿ ಅಂತ ಗೆರೆ ಎಳೆದು ಮಾಡ್ತಿದ್ರು. ಇದನ್ನ ಮಾಡೋವಾಗ ಕರ್ಪೂರ ಹಾಕಿ ಕಲಸ್ತಾರೆ. ಬಿಸಿ ತಾಗಿದ್ರೆ ಇವತ್ತಿಗೂ ನಾರುತ್ತೆ. ಇದಕ್ಕೆ ಆನೆನೂ ಬೇಡ, ಎಮ್ಮೆನೂ ಬೇಡ. ಕೇಸೂ ಇಲ್ಲ, ಏನೂ ಇಲ್ಲ."

ಗುರುಮಲ್ಲಪ್ಪ ಮೇಜಿಗೆ ತಲೆ ಆನಿಸಿ ನಿಂತ. ಜೈಲೂ ತಪ್ಪಿತು, ಮೈಲಿಗೆಯೂ ತಪ್ಪಿತು. ಆದರೆ ಅವನ ಹೊಟ್ಟೆಯೊಳಗಿನ ಸಲಗ ಅಷ್ಟು ಸುಲಭಕ್ಕೆ ಸಾಯುವುದಿಲ್ಲ.

"ಮೇಡಂ, ಪ್ಲಾಸ್ಟಿಕ್ ಅಂದ್ರೂ... ದೊರೆ ನಮ್ಮ ತಾತನ ಶೌರ್ಯಕ್ಕೆ ಅಂತ ಮಾಡ್ಸಿ ಕೊಟ್ಟಿದ್ದು..."

"ಮಾಡಿಸಿದ್ದಲ್ಲ ಅನ್ಸುತ್ತೆ ಇವ್ರೇ. ಇಂಥವು ಆ ಕಾಲದಲ್ಲಿ ಪೇಟೆಲಿ ಸಿಗ್ತಿದ್ವು. ದೊರೆಸಾನಿಯರು ಮುಖಕ್ಕೆ ಹಚ್ಚೋ ಪೌಡರ್ ಇಟ್ಕೊಳ್ತಿದ್ದ ಡಬ್ಬಿ."

ಮೂರು ತಲೆಮಾರಿನ ವಿಭೂತಿ, ಯಾವಳೋ ಬಿಳಿ ದೊರೆಸಾನಿಯ ಪೌಡರ್ ಡಬ್ಬಿಯಲ್ಲಿ! ಗುರುಮಲ್ಲಪ್ಪ ನಿಧಾನವಾಗಿ ತಾಯಿಯ ಕಡೆ ತಿರುಗಿದ. ಈ ಮಾತು ಕೇಳಿ ಅವರು ಬಾಳೆಹಣ್ಣನ್ನೂ ಬಿಟ್ಟುಬಿಡುತ್ತಾರೆ ಎಂದುಕೊಂಡೆ.

"ಅದು ನಂಗೊತ್ತು" ಎಂದರು ನೀಲಾಂಬಿಕಮ್ಮ.

"ಗೊತ್ತಾ?"

"ನಮ್ಮತ್ತೆ ಏಳಿದ್ರು. ನಿಮ್ಮ ತಾತ ಹುಲ್ಲಿನ ಗಾಡಿ ಒಡೀವಾಗ ದೊರೆಸಾನಿ ಪೌಡರ್ ಮುಗ್ದೋಯ್ತು ಅಂತ ಬಿಸಾಕಿದ್ಳಂತೆ. ಇವ್ರು ಎತ್ಕೊಂಡು ಬಂದ್ರು. ಯಾವ್ದುರಲ್ಲಿ ಮಾಡಿದ್ದು ಅಂತ ಅತ್ತೆಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಅದೊಂದೇ ನಂಗೆ ಇದ್ದ ಯೋಚ್ನೆ."

"ಮತ್ತೆ ಇಷ್ಟ್ ವರ್ಷ ಸುಮ್ನಿದ್ದಲ್ಲವ್ವ!"

"ಮಾವ ದಂತ ಅಂದ ಮೇಲೆ ಸೊಸೆ ಎದುರು ಮಾತಾಡೋದಾ? ಆಮೇಲೆ ನಿಮ್ಮಪ್ಪ ಅಂದ. ಆಮೇಲೆ ನೀನಂದೆ. ಈ ಮನೆ ಗಂಡಸ್ರ ಬಾಯಿಗೆ ಯಾರು ಮುಚ್ಚಳ ಆಕ್ತಾರೆ?" ಎಂದು ಭರಣಿಯನ್ನು ಸೆರಗಿನಲ್ಲಿ ಒರೆಸಿಕೊಂಡರು. "ಅದ್ರಲ್ಲೇನು ಕೆಟ್ಟೋಯ್ತು? ಅವ್ಳು ಬಿಳಿ ಪುಡಿ ಕೆನ್ನೆಗೆ ಬಳ್ಕೊಂಡ್ಳು, ನಾವು ಹಣೆಗೆ ಬಳ್ಕತೀವಿ. ಕರ್ಪೂರ ಆಕಿ ಮಾಡಿದ್ದು ಅಂದ್ರಲ್ಲ, ನಂಗಷ್ಟು ಸಾಕು."

ಗುರುಮಲ್ಲಪ್ಪ ಅಧಿಕಾರಿಯ ಕಡೆ ತಿರುಗಿ, ದಂತ ಅಲ್ಲ ಎಂಬುದನ್ನು ಸೀಲು ಹಾಕಿ ಬರೆದುಕೊಡಿ, ಕೊಡುವವರೆಗೆ ನಾನು ಅಲುಗುವುದಿಲ್ಲ ಎಂದು ಕುರ್ಚಿ ಎಳೆದುಕೊಂಡು ಕುಳಿತ.

"ಅದಿರಲಿ, ಒಂದು ಮಾತು ಕೇಳಿ" ಎಂದರು ರೂಪಶ್ರೀ. "ಇದನ್ನ ದೀಪದ ಹತ್ರ ಇಡಬೇಡಿ. ಕರ್ಪೂರದ ಹಾಗೇ ಹತ್ಕೊಂಡು ಉರಿಯುತ್ತೆ. ಕೆಲವರು ಗೊತ್ತಿಲ್ಲದೆ ಸೂಜಿ ಕಾಯಿಸಿ ಚುಚ್ತಾರೆ. ದಂತ ಆದ್ರೆ ವಸ್ತು ಹಾಳು, ಇದಾದ್ರೆ ಕೈಯೇ ಹಾಳು. ನೋಡ್ಬೇಕು, ಬೆಳಕು ಹಿಡೀಬೇಕು, ಚುಚ್ಚಬಾರದು. ಸದ್ಯ ನಿಮ್ಮನೇಲಿ ಯಾರೂ ಹಾಗೆ ಮಾಡಿಲ್ವಲ್ಲ?"

ನಾನೂ ಗುರುಮಲ್ಲಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುಚ್ಚಳ!

ಗುರುಮಲ್ಲಪ್ಪ ಫೋನು ತೆಗೆದ. ರೇಣುಕಾಪ್ರಸಾದ್ ಎತ್ತಲಿಲ್ಲ. ಉಷಾರಾಣಿಗೆ ಮಾಡಿದ. ಅವಳು ಎತ್ತಿದಳು.

"ಉಷಾ, ನಿನ್ ತಮ್ಮ ಎಲ್ಲವ್ನೆ?"

"ಹಿತ್ಲಲ್ಲಿ ನೀರೊಲೆ ಮುಂದೆ ಕೂತವ್ನೆ. ಅದ್ಯಾಕೋ ಗೋಣಿ ಹೊಲಿಯೋ ದಬ್ಬಳ ಕೇಳ್ದ, ಕೊಟ್ಟೆ. ಯಾಕ್ರೀ?"

"ತಡಿಯೇ! ತಡಿಯೇ ಅವ್ನ!"

ಫೋನಿನೊಳಗಿಂದ ಭುಸ್ಸೆಂಬ ಸದ್ದು, ಅದರ ಹಿಂದೆಯೇ ಒಬ್ಬ ಗಂಡಸಿನ ಕಿರುಚಾಟ ಕೇಳಿತು. ಹಿಡಿದದ್ದನ್ನು ಎಂದೂ ಬಿಡದ ಗುರುಮಲ್ಲಪ್ಪ ಆ ದಿನ ಸೀಲನ್ನೂ ಕಾಗದವನ್ನೂ ಅಲ್ಲೇ ಬಿಟ್ಟು ಓಡಿದ.

ನಾವು ಮನೆ ಮುಟ್ಟಿದಾಗ ಬೀದಿ ತುಂಬ ಜನ. ಬ್ಯಾರನ್ನಿನಲ್ಲಿದ್ದ ಆನೆ ರೇಣುಕಾಪ್ರಸಾದನ ಮೇಲೆ ಬಿತ್ತು ಎಂದು ಚಿಕ್ಕಮಾದಮ್ಮ ವಿವರಿಸುತ್ತಿದ್ದಳು. ಅವನು ಜಗುಲಿಯ ಮೇಲೆ ಒದ್ದೆ ಟವೆಲು ಹಿಡಿದು ಕುಳಿತಿದ್ದ. ದಬ್ಬಳ ತಾಗಿದ್ದೇ ತಡ, ಮುಚ್ಚಳ ಒಂದೇ ಉಸಿರಿಗೆ ಉರಿದುಹೋಗಿತ್ತು. ಕೈ ಕೊಡವಿ ಎಸೆದದ್ದರಿಂದ ಬೆರಳ ತುದಿ ಮಾತ್ರ ಕೆಂಪಾಗಿತ್ತು. ಆದರೆ ಹೋಬಳಿಗೆ ಹೆಸರಾದ ಆ ಮೀಸೆ ಇರಲಿಲ್ಲ. ಹುಬ್ಬೂ ಇರಲಿಲ್ಲ. ಸುಲಿದ ಮೊಟ್ಟೆಯ ಹಾಗೆ ಕಾಣುತ್ತಿದ್ದ.

"ಪ್ಲಾಸ್ಟಿಕ್ಕು ಭಾವ" ಎಂದು ಸಣ್ಣ ದನಿಯಲ್ಲಿ ಹೇಳಿದ. "ನಾನು ಕಂಡುಹಿಡ್ದೆ."

ನೀಲಾಂಬಿಕಮ್ಮ ಅವನ ಮುಂದೆ ಹೋಗಿ ನಿಂತರು. ಬೈಗುಳ ಶುರುವಾಗುತ್ತದೆ ಎಂದು ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು. ಅವರು ಒಳಗೆ ಹೋಗಿ, ಕಾಲು ತೊಳೆದು, ಭರಣಿಯನ್ನು ದೀಪದಿಂದ ದೂರದ ಮೂಲೆಯಲ್ಲಿಟ್ಟರು. ಹೊಸ ವಿಭೂತಿ ತುಂಬಿ, ಮೇಲೆ ಒಂದು ತೆಂಗಿನ ಚಿಪ್ಪು ಮುಚ್ಚಿದರು. ತಾನು ಹಚ್ಚಿಕೊಂಡು, ಪೂಜೆ ಮುಗಿಸಿ ಹೊರಗೆ ಬಂದು, ರೇಣುಕಾಪ್ರಸಾದನ ಗಲ್ಲ ಹಿಡಿದೆತ್ತಿ ಅವನ ಹಣೆಗೂ ಮೂರು ಬೆರಳು ಎಳೆದರು.

"ಹುಬ್ಬಿಲ್ದಿದ್ರೆ ಜಾಗ ಚೆನ್ನಾಗಿ ಸಿಕ್ತದೆ" ಎಂದರು.

ಉಷಾರಾಣಿ ತಟ್ಟೆ ಹಾಕಿದಳು. ಅವರೆಕಾಳಿನ ಸಾರು, ಬಿಸಿ ಮುದ್ದೆ. ನೀಲಾಂಬಿಕಮ್ಮ ಮೊದಲ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಡದೆ ಮಗನ ಕಡೆ ಚಾಚಿದರು.

"ಮೊದ್ಲು ನೀನು. ನಿನ್ನೆಯಿಂದ ನೀನೂ ಏನೂ ಉಂಡಿಲ್ಲ ಅನ್ನೋದು ನನ್ಗೆ ಗೊತ್ತಿಲ್ಲ ಅಂದ್ಕಂಡಿದ್ಯಾ?"

ಹೊಟ್ಟೆ ಸರಿಯಿಲ್ಲ, ಹಸಿವಿಲ್ಲ ಎಂದದ್ದೆಲ್ಲ ಏನೆಂದು ನನಗೆ ಆಗ ಅರ್ಥವಾಯಿತು. ಜೊತೆಗೆ ಓಡಾಡಿದ ನನಗೆ ತಿಳಿಯದ್ದು, ಜಗುಲಿಯ ಮೇಲೆ ಬಾಳೆಹಣ್ಣು ಸುಲಿಯುತ್ತ ಕುಳಿತಿದ್ದ ಆ ತಾಯಿಗೆ ತಿಳಿದಿತ್ತು. ಗುರುಮಲ್ಲಪ್ಪ ಚಿಕ್ಕ ಹುಡುಗನ ಹಾಗೆ ಬಾಯಿ ತೆರೆದ, ತುತ್ತು ನುಂಗಿದ, ಕಣ್ಣು ಒರೆಸಿಕೊಂಡ. ಒರೆಸಿಕೊಂಡ ಮರುಕ್ಷಣವೇ ಅವನ ದವಡೆ ಬಿಗಿಯಿತು.

"ಶಿವಾನಿ, ಫೋನ್ ತತ್ತವ್ವ. ಇನ್ನೊಂದ್ ವಿಡಿಯೋ ಮಾಡಾನ. ಇಡೀ ತಾಲ್ಲೂಕಲ್ಲಿ ಸರ್ಕಾರನೇ ಪರೀಕ್ಷೆ ಮಾಡಿ ದಂತ ಅಲ್ಲ ಅಂತ ಒಪ್ಕೊಂಡಿರೋ ಭರಣಿ ಯಾರ್ ಮನೇಲದೆ? ಕರ್ಪೂರದ ಭರಣಿ! ಪ್ಯೂರ್! ನಮ್ಮ ತಾತಂಗೆ ಸ್ವಂತ ದೊರೆಸಾನಿನೇ ಕೈಯಾರೆ..."

ನೀಲಾಂಬಿಕಮ್ಮ ಈ ಸಲ ಮುದ್ದೆಯನ್ನು ದೊಡ್ಡದಾಗಿ ಮುರಿದು ಅವನ ಬಾಯಿ ತುಂಬ ಇಟ್ಟರು. ಅವನು ಅದನ್ನು ನುಂಗಿ ಮುಗಿಸುವುದರೊಳಗೆ ನೆಮ್ಮದಿಯಾಗಿ ತಮ್ಮ ಊಟ ಶುರು ಮಾಡಿದರು.